ದಿಲ್ಲಿಯವರು ಮುಚ್ಚಿದರು, ನಮಗೆ ಮುಚ್ಚಲು ಬರಲಿಲ್ಲ

ನಮ್ಮ ಕಡೆ ಏನನ್ನಾದರೂ ಶುರು ಮಾಡಲು ಒಂದು ತೆಂಗಿನಕಾಯಿ ಸಾಕು. ಮುಚ್ಚಲು ಮಾತ್ರ ಯಾರಿಗೂ ಮನಸ್ಸಿಲ್ಲ. ಹಾಗಾಗಿ ಮುಚ್ಚಲು ಹೊರಟವರ ಫಜೀತಿ ಇಲ್ಲಿ ಆಗಾಗ ನೋಡಲು ಸಿಗುತ್ತದೆ. ಈ ಸಲ ಹೊರಟವಳು ನಾನು.

ದಿಲ್ಲಿಯ ಒಂದು ಸಂಸ್ಥೆ ದೇಶದ ತುಂಬ ಶಾಲೆಗಳನ್ನು ಜೋಡಿಸಿಕೊಂಡಿತ್ತು. ಮಕ್ಕಳು ಊರವರ ಒಂದು ಕೆಲಸಕ್ಕೆ ಕೈಹಚ್ಚಬೇಕು, ಅದರಿಂದ ಏನು ಕಲಿತೆವು ಎಂದು ವಹಿಯಲ್ಲಿ ಬರೆಯಬೇಕು. ಚಿಕ್ಕೋಡಿಯಲ್ಲಿ ಕೂತು ಐದು ತಾಲ್ಲೂಕು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ದಿನ ಪತ್ರ ಬಂತು: ಸಂಸ್ಥೆ ಮುಚ್ಚುತ್ತಿದೆ. ‘ಇಲ್ಲಿ ಕೆಲಸ ನಿಂತಿದೆ’ ಎಂಬ ಫಾರ್ಮಿಗೆ ತಾಲ್ಲೂಕಿಗೊಂದು ಸಹಿ ತಂದರೆ ನನಗೆ ಬಿಡುಗಡೆ ಪತ್ರ. ಅದಿಲ್ಲದಿದ್ದರೆ ನಿಪ್ಪಾಣಿಯ ಕಾಲೇಜಿನಲ್ಲಿ ಕಾದಿದ್ದ ಹೊಸ ನೌಕರಿ ಇಲ್ಲ. ಓದಿ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಸ್ಕೂಟಿ ಹತ್ತಿದೆ.

ಕಬ್ಬೂರಿನ ಹೆಡ್‌ಮಾಸ್ತರು ತಕರಾರಿಲ್ಲದೆ ಸಹಿ ಹಾಕಿ, ಶಿಕ್ಕಾ ಒತ್ತಿ, ತಾರೀಖು ಬರೆದು ಆಮೇಲೆ ಕೇಳಿದರು, “ಇದ ಏನರಿ ಅಕ್ಕೋರ?”

ಶೇಂಗಾ ವಹಿ

ಬೇಡಕಿಹಾಳದ ಹೆಡ್‌ಮಾಸ್ತರು ಅಷ್ಟು ಸುಲಭದವರಲ್ಲ. “ಮೊದಲ ಹುಡುಗೋರ ವಹಿ ಓದ್ರಿ, ಆಮೇಲೆ ಸಹಿ” ಎಂದು ಒಂದು ವಹಿ ತೆರೆದು ಮುಂದಿಟ್ಟರು.

“ಇಂದು ನಮ್ಮ ಓಣಿಯ ಅಜ್ಜಿಯ ಮನೆಯಲ್ಲಿ ಒಂದು ಬುಟ್ಟಿ ಶೇಂಗಾ ಒಡೆದೆವು. ಕಾಳು ಅರ್ಧ ಬುಟ್ಟಿ ಆಗಬೇಕಿತ್ತು. ಒಂದು ಬೊಗಸೆ ಆಯಿತು. ಕಲಿತದ್ದು: ಹಸಿ ಶೇಂಗಾ ತಿಂದು ನೀರು ಕುಡಿಯಬಾರದು.”

ಮರುವಾರದ್ದು: “ಅಜ್ಜಿ ಇಂದು ನಮಗೆ ಹಾಡು ಹೇಳುತ್ತ ಶೇಂಗಾ ಒಡೆಯಲು ಹೇಳಿದರು. ಕಲಿತದ್ದು: ಹಾಡುವಾಗ ತಿನ್ನಲು ಬರುವುದಿಲ್ಲ. ಅಜ್ಜಿ ಬಹಳ ಶಾಣ್ಯಾ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಮುಗಿದ ಮೇಲೆ ಹೆಡ್‌ಮಾಸ್ತರು ವಹಿ ಎದೆಗವಚಿಕೊಂಡು, “ಇಷ್ಟ ಖರೆ ಬರ್ಯೋ ವಹಿ ನಮ್ಮ ಸಾಲ್ಯಾಗ ಇನ್ನೊಂದಿಲ್ರಿ. ಇದನ್ನ ಮುಚ್ಚ ಅಂತೀರೇನ?” ಎಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಸಹಿ ಹಾಕಿದರು. ಕೆಳಗೆ ಸಣ್ಣಗೆ ಬರೆದಿದ್ದರು: ‘ಅಕ್ಕೋರ ನೌಕರಿ ಸಲುವಾಗಿ ಮಾತ್ರ.’

ಮುಕ್ತಾಯದ ಉದ್ಘಾಟನೆ

ರಾಯಬಾಗ ಕಡೆಯ ಶಾಲೆಗೆ ಹೋದರೆ ಬಾಗಿಲಲ್ಲೇ ರಂಗೋಲಿ, ಒಳಗೆ ಪೆಂಡಾಲು. ಫಾರ್ಮು ತೆಗೆಯುವ ಮೊದಲೇ ನನ್ನ ತಲೆಗೆ ಫೇಟಾ ಸುತ್ತಿದರು. ಸತ್ಕಾರವಿಲ್ಲದೆ ನಮ್ಮಲ್ಲಿ ಏನೂ ಶುರುವಾಗುವುದಿಲ್ಲ, ಏನೂ ಮುಗಿಯುವುದೂ ಇಲ್ಲ. ಶಾಲಾ ಸಮಿತಿಯ ಅಧ್ಯಕ್ಷರು ದೀಪ ಹಚ್ಚಿ ಮುಕ್ತಾಯ ಸಮಾರಂಭವನ್ನು ಉದ್ಘಾಟಿಸಿದರು. ಆಮೇಲೆ ಮೈಕು ಹಿಡಿದು, “ಈ ಯೋಜನಾ ಹಿಂಗ ನೂರು ವರ್ಷ ನಡೀಲಿ” ಎಂದರು. ಜೋರು ಚಪ್ಪಾಳೆ.

ನಾನು ಹತ್ತಿರ ಬಾಗಿ, “ಅಧ್ಯಕ್ಷರ, ಇದು ನಿಂತೈತ್ರಿ” ಎಂದೆ.

“ಅದನ್ನ ನಿಮ್ಮ ಭಾಷಣದಾಗ ಹೇಳ್ರಿ. ನಾ ದೀಪ ಹಚ್ಚೇನಿ, ನನ್ನ ಬಾಯಾಗ ಅಪಶಕುನ ಬ್ಯಾಡ.”

ಫೇಟಾ ಸುತ್ತಿದ ದಿನ ಮುಚ್ಚುವ ಕಾಗದಕ್ಕೆ ಸಹಿ ಹಾಕಬಾರದಂತೆ. ಮರುದಿನ ಬರಿತಲೆಯಲ್ಲಿ ಮತ್ತೆ ಹೋಗಿ ಸಹಿ ತಂದೆ. ಅವತ್ತೂ ಉಪ್ಪಿಟ್ಟು, ಚಹಾ ಆಯಿತು.

ಸೇವೆ ಮಾಡಿದವರು ಯಾರು?

ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಕಾಕಾ. ಅವರ ಕೆಲಸಕ್ಕೆ ನೆರವಾಗಲು ಎಂಟನೆಯ ತರಗತಿಯವರು ಹೋಗುತ್ತಿದ್ದರು. ಫಾರ್ಮಿನಲ್ಲಿ ‘ಸೇವೆ ಪಡೆದವರು’ ಎಂಬ ಜಾಗದಲ್ಲಿ ಅವರ ಹೆಸರಿತ್ತು. ಓದಿ ಹೇಳಿದ್ದೇ ತಡ, ಕಾಕಾ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು.

“ಯಾರ್ರೀ ಸೇವಾ ಪಡದಾಂವ? ಅವರು ಹೊಲದಿದ್ದ ಒಂದೊಂದ ಚಪ್ಪಲಿ ಬಿಚ್ಚಿ ನಾ ಮತ್ತ ಹೊಲದೇನಿ. ಎಡಗಾಲಿಂದ ಎರಡ ಮಾಡಿ ಇದು ಜೋಡಿ ಅಂತಿದ್ದರು. ಸೇವಾ ಮಾಡಿದಾಂವ ನಾ!”

ಮಾತು ನ್ಯಾಯವಾಗಿತ್ತು. ಹೆಸರು ಹೊಡೆದು ಮೇಲಿನ ‘ಸೇವೆ ಮಾಡಿದವರು’ ಸಾಲಿಗೆ ಏರಿಸಿದೆ. ಕಾಕಾ ಖುಷಿಯಿಂದ ಸಹಿ ಹಾಕಿ ಹೇಳಿದರು, “ದಿಲ್ಲಿಯವರು ಅವರ ಸೇವಾ ನಿಲ್ಲಸ್ಲಿ. ನಂದು ಚಾಲೂ ಐತಿ. ಹುಡುಗೋರನ್ನ ಕಳಸ್ರಿ.”

ಕೊನೆಯ ಸಹಿ

ಉಳಿದದ್ದು ಕಾಗವಾಡ ತಾಲ್ಲೂಕು. ಉಗಾರ ಖುರ್ದದ ಒಬ್ಬ ಅಜ್ಜಿ. ಊರೆಲ್ಲ ಆಯಿ ಎನ್ನುತ್ತದೆ. ಕಣ್ಣು ಮಂಜು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೂವರು ಹುಡುಗಿಯರು ಹೋಗಿ ನೀರು ತುಂಬಿ, ವಾರದ ಗುಳಿಗೆ ಬೇರೆ ಬೇರೆ ಮಾಡಿಡುತ್ತಿದ್ದರು. ಆಯಿ ಚುರಮುರಿ ಕಲಸಿಟ್ಟು ಕಾಯುತ್ತಿದ್ದಳು. ಅವಳಿಗೆ ಸಹಿ ಮಾಡಲು ಕಲಿಸಿದವರೂ ಅವರೇ. ಶಾಲೆಯವರು, “ಆಯಿ ಒಪ್ಪಿ ಸಹಿ ಮಾಡಿದರ ನಾವೂ ಒಪ್ಪತೀವಿ” ಎಂದು ಕೈ ತೊಳೆದುಕೊಂಡಿದ್ದರು.

ಫಾರ್ಮು ಮುಂದಿಡುವಾಗ ನನಗೆ ಕಳ್ಳಿಯಂತೆ ಅನ್ನಿಸಿತು. ಎಲ್ಲವನ್ನೂ ಬಿಡಿಸಿ ಹೇಳಿದೆ. ಆಯಿ ಕಾಗದವನ್ನು ಕಣ್ಣಿಗೆ ತಾಗಿಸಿಕೊಂಡು, ಒಂದೊಂದೇ ಅಕ್ಷರ ಉಚ್ಚರಿಸುತ್ತ ಹೆಸರು ಬರೆದಳು. ಜನ್ಮದಲ್ಲಿ ಹೆಬ್ಬೆಟ್ಟು ಒತ್ತದ ಮೊದಲ ಕಾಗದ ಇದಂತೆ.

“ಛಲೋ ಬಂದೈತೇನ?” ಎಂದು ಕೇಳಿದಳು.

“ಬಾಳ ಛಲೋ ಬಂದೈತಿ ಆಯಿ.”

“ಹಂಗಾದ್ರ ಶನಿವಾರ ಹುಡುಗ್ಯಾರಿಗೆ ತೋರಸ್ತೀನಿ.”

ಐದೂ ಸಹಿ ಲಕೋಟೆಗೆ ಹಾಕಿ ಚಿಕ್ಕೋಡಿಯಿಂದ ರಿಜಿಸ್ಟರ್ ಅಂಚೆ ಮಾಡಿದೆ. ಕೆಲವು ದಿನಕ್ಕೆ ಅದೇ ಲಕೋಟೆ ತಿರುಗಿ ನನ್ನ ಬಾಗಿಲಿಗೆ ಬಂತು. ಮೇಲೆ ಬರಹ: ‘ಕಚೇರಿ ಮುಚ್ಚಿದೆ. ಪಡೆಯುವವರು ಇಲ್ಲ.’

ನಿಪ್ಪಾಣಿಯ ಕಾಲೇಜಿನ ಪ್ರಾಚಾರ್ಯರ ಮುಂದೆ ಅದನ್ನು ಇಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕಿಂತ ದೊಡ್ಡ ಬಿಡುಗಡೆ ಪತ್ರ ಬೇಕೇನ್ರಿ? ಬಿಡುಗಡೆ ಮಾಡೋರಿಗೇ ಬಿಡುಗಡೆ ಆಗೇತಿ. ಸೋಮವಾರ ಬರ್ರಿ” ಎಂದರು.

ಸೋಮವಾರಕ್ಕೆ ಮೊದಲು ಶನಿವಾರ ಬರುತ್ತದಲ್ಲ, ಉಗಾರಕ್ಕೆ ಹೋದೆ. ಮೂವರೂ ಹುಡುಗಿಯರು ಗುಳಿಗೆ ಆರಿಸುತ್ತ ಕೂತಿದ್ದರು. ಲಕೋಟೆಯಿಂದ ಆಯಿಯ ಸಹಿ ತೆಗೆದು ತೋರಿಸಿದೆ. ದಿಲ್ಲಿಯ ಕಚೇರಿಯೇ ಮುಚ್ಚಿ, ಅಲ್ಲಿಯವರೆಲ್ಲ ಮನೆಗೆ ಹೋದದ್ದನ್ನೂ ಹೇಳಿದೆ. ಆಯಿ ಲೊಚಗುಟ್ಟಿದಳು.

“ಪಾಪ, ಎಲ್ಲಾರೂ ಕೆಲಸಿಲ್ಲದ ಕುಂತಾರೇನ? ಮುಂದಿನ ಶನಿವಾರ ಕರಕೊಂಡ ಬಾ. ನಂಗ ಈ ಹುಡುಗ್ಯಾರು ಬಾಳ ಮಾಡ್ಯಾರ, ಈಗ ಅವರ ಸೇವಾ ಮಾಡ್ಲಿ.”

ಒಬ್ಬ ಹುಡುಗಿ ಆಗಲೇ ವಹಿ ತೆಗೆದು ‘ಸೇವೆ ಪಡೆಯುವವರು’ ಎಂಬಲ್ಲಿ ಬರೆದುಕೊಂಡಳು: ದಿಲ್ಲಿಯವರು.