ಹಾಸಿಗೆ ಒದ್ದೆ ಮಾಡುವ ಕಥಾಪಾತ್ರಗಳ ವಯೋಮಿತಿ ಸಡಿಲಿಕೆ ಕುರಿತು

ಮಕ್ಕಳ ಗ್ರಂಥಾಲಯ ವಿಭಾಗ
ಸಂಖ್ಯೆ: ಮಗ್ರಂ/ಹಾಒ/41

ವಿಷಯ: ಕೊರಿಯನ್ ಮಕ್ಕಳ ಕಥೆಪುಸ್ತಕಗಳಲ್ಲಿ ಹಾಸಿಗೆ ಒದ್ದೆ ಮಾಡುವ ಪಾತ್ರಗಳ ಬಗ್ಗೆ.

ಉಲ್ಲೇಖ: ಎರಡನೇ ತರಗತಿಯ ಕುಮಾರಿ ಮಾ ಬೊಮಿ, ಎಂಟು ವರ್ಷ, ಇವರ ಮೌಖಿಕ ಅರ್ಜಿ.

ಅತ್ಯಂತ ಗಂಭೀರವಾದ ವಿಷಯವೊಂದು ವಿಭಾಗದ ಗಮನಕ್ಕೆ ಬಂದಿದ್ದು, ಅದು ಒದ್ದೆಯಾಗಿರುವುದರಿಂದ ತುರ್ತು ಎಂದು ಪರಿಗಣಿಸಲಾಗಿದೆ.

1. ಕಪಾಟಿನಲ್ಲಿರುವ ನಲವತ್ತೊಂದು ಪುಸ್ತಕಗಳನ್ನು ಪರಿಶೀಲಿಸಲಾಯಿತು. ಒದ್ದೆ ಮಾಡಿದವರು: ತಮ್ಮಂದಿರು ಇಪ್ಪತ್ತಾರು, ಹುಲಿಮರಿಗಳು ಒಂಬತ್ತು, ನಾಯಿಮರಿಗಳು ಐದು, ಮೋಡ ಒಂದು. ಹುಡುಗಿಯರು ಇಲ್ಲ. ಆರು ವರ್ಷ ದಾಟಿದವರು ಇಲ್ಲ. ಕೊನೆಯ ಪುಟದಲ್ಲಿ ಎಲ್ಲರೂ ಒಣಗಿರುತ್ತಾರೆ, ಮೋಡವೂ ಸಹ.

2. ಪಟ್ಟಿಯಲ್ಲಿ ತನ್ನಂಥವರು ಯಾರೂ ಇಲ್ಲವಾದ್ದರಿಂದ ಶುಕ್ರವಾರ ರಾತ್ರಿ ತಂಗುವ ಶಾಲಾ ಶಿಬಿರಕ್ಕೆ ತಾನು ಹೋಗುವುದಿಲ್ಲವೆಂದು ಅರ್ಜಿದಾರಳು ತಿಳಿಸಿರುತ್ತಾಳೆ. “ಹುಲಿಮರಿಗೂ ನಿಂತುಹೋಯ್ತು ಟೀಚರ್, ನಂಗೊಬ್ಬಳಿಗೇ ನಿಂತಿಲ್ಲ” ಎಂಬ ಆಕೆಯ ಹೇಳಿಕೆಯನ್ನು ಗ್ರಂಥಪಾಲಕಿಯವರು ಯಥಾವತ್ತಾಗಿ ದಾಖಲಿಸಿದ್ದಾರೆ.

3. ಮೂವತ್ತೆಂಟು ಪುಸ್ತಕಗಳಲ್ಲಿ, ಹಳೆಯ ಕೊರಿಯನ್ ಪದ್ಧತಿಯಂತೆ, ಒದ್ದೆ ಮಾಡಿದವರ ತಲೆಗೆ ಮೊರ ಹೊದಿಸಿ, ಪಕ್ಕದ ಮನೆಗೆ ಉಪ್ಪು ಬೇಡಲು ಕಳಿಸಲಾಗಿದೆ. ಪಕ್ಕದ ಮನೆಯಾಕೆ ಅನ್ನದ ಸಟ್ಟುಗದಿಂದ ಮೊರದ ಮೇಲೆ ಬಾರಿಸಿ ಉಪ್ಪು ಕೊಡುತ್ತಾಳೆ. ಮರುದಿನವೇ ಗುಣ. ತಮ್ಮ ಕಾಲದಲ್ಲೂ ಹೀಗೇ ಇತ್ತೆಂದು ಅರ್ಜಿದಾರಳ ಅಜ್ಜಿ ದೃಢೀಕರಿಸಿ, ಮನೆಯಲ್ಲಿ ಮೊರ ಇಲ್ಲದ ಪ್ರಯುಕ್ತ ಒಗೆಯುವ ಬಟ್ಟೆಯ ಪ್ಲಾಸ್ಟಿಕ್ ಬುಟ್ಟಿ ಹೊದಿಸಿ, ಮೊಮ್ಮಗಳನ್ನು ಪಕ್ಕದ 702ನೇ ಮನೆಗೆ ಕಳಿಸಿರುತ್ತಾರೆ.

4. ಸದರಿ ಮನೆಯ ಶ್ರೀ ತಾಕ್ ಗ್ಯುಹೊ, ಬಸ್ ಚಾಲಕರು, ಅಡುಗೆ ಮಾಡುವವರಲ್ಲ. ಹಿಂದಿನ ದಿನ ತರಿಸಿದ ಕರಿದ ಕೋಳಿಯ ಜೊತೆ ಬಂದಿದ್ದ ಉಪ್ಪಿನ ಪೊಟ್ಟಣವನ್ನು ಕೊಟ್ಟಿದ್ದಾರೆ. ಸಟ್ಟುಗ ಪ್ರಯೋಗಿಸಿರುವುದಿಲ್ಲ. ಬದಲಿಗೆ, ಯಾವ ಪುಸ್ತಕದಲ್ಲೂ ಇಲ್ಲದ ಮಾತನ್ನು ಆಡಿದ್ದಾರೆ: “ನಂದು ಐದನೇ ಕ್ಲಾಸ್‌ವರೆಗೂ ಇತ್ತು ಪುಟ್ಟಿ. ಶಿಬಿರಕ್ಕೂ ಹೋಗಿದ್ದೆ. ಎರಡು ಚಡ್ಡಿ ಜಾಸ್ತಿ ಇಟ್ಕೊಂಡೆ, ಅಷ್ಟೇ. ಮೂಲಂಗಿ ಉಪ್ಪಿನಕಾಯಿನೂ ಉಳಿದಿದೆ, ಬೇಕಾ?” ಅರ್ಜಿದಾರಳು ಮೂಲಂಗಿಯನ್ನೂ ಸ್ವೀಕರಿಸಿರುತ್ತಾಳೆ.

5. ಮೇಲ್ಕಂಡ ಕಾರಣಗಳಿಂದ ಲೇಖಕರು ಮತ್ತು ಚಿತ್ರಕಾರರಿಗೆ ಈ ಮೂಲಕ ಸೂಚಿಸುವುದೇನೆಂದರೆ:
(ಅ) ತಮ್ಮಂದಿರ ಮೇಲಿನ ಹೊರೆ ಇಳಿಸಿ, ಅಕ್ಕಂದಿರಿಗೆ ಶೇಕಡಾ ಮೂವತ್ತು ಮೀಸಲಿಡತಕ್ಕದ್ದು.
(ಆ) ಹಾಸಿಗೆಯ ಕಲೆಯನ್ನು ದೇಶದ ನಕ್ಷೆಯ ಆಕಾರದಲ್ಲಿ ಚಿತ್ರಿಸಕೂಡದು. ಚಿತ್ರಿಸಿದಲ್ಲಿ ಗಡಿರೇಖೆಗೆ ಭೂಮಾಪನ ಇಲಾಖೆಯ ಒಪ್ಪಿಗೆ ಕಡ್ಡಾಯ.
(ಇ) ಹುಲಿಮರಿ ಗುಣಮುಖವಾದ ಬಗ್ಗೆ ಪಶುವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ವೈದ್ಯರು ಮರಳಿ ಬಂದಿರುವುದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಬೇಕು.
(ಈ) ಹತ್ತರಲ್ಲೊಂದು ಪುಸ್ತಕದಲ್ಲಾದರೂ ಮಗು ಕೊನೆಯ ಪುಟದಲ್ಲೂ ಒದ್ದೆ ಮಾಡಿಕೊಂಡು, ತಿಂಡಿ ತಿಂದು, ಶಾಲೆಗೆ ಹೋಗತಕ್ಕದ್ದು.

6. ಇಂಥ ಪುಸ್ತಕ ಅಚ್ಚಾಗಲು ಹದಿನಾಲ್ಕು ತಿಂಗಳು ಬೇಕಿದ್ದು, ಶಿಬಿರ ನಾಡಿದ್ದೇ ಇರುತ್ತದೆ. ಆದಕಾರಣ ಅಲ್ಲಿಯವರೆಗೆ ಶ್ರೀ ತಾಕ್ ಅವರನ್ನೇ ನಲವತ್ತೆರಡನೇ ಪುಸ್ತಕವೆಂದು ನೋಂದಾಯಿಸಲಾಗಿದೆ. ಸ್ಥಳದಲ್ಲೇ ಪರಾಮರ್ಶಿಸಬಹುದು, ಮನೆಗೆ ಒಯ್ಯುವಂತಿಲ್ಲ.

ಸಹಿ/-
ಉಪನಿರ್ದೇಶಕರು (ಪ್ರಭಾರ)

ಪ್ರತಿಗಳು:
1. ಎಲ್ಲ ಲೇಖಕರು, ಚಿತ್ರಕಾರರಿಗೆ, ಪಾಲನೆಗಾಗಿ.
2. ಭೂಮಾಪನ ಇಲಾಖೆಗೆ, ಮಾಹಿತಿಗಾಗಿ.
3. ಶ್ರೀ ತಾಕ್ ಗ್ಯುಹೊ ಅವರಿಗೆ, ಬೆನ್ನಿಗೆ ಅಂಟಿಸಿಕೊಳ್ಳಬೇಕಾದ ಪುಸ್ತಕಸಂಖ್ಯೆಯ ಚೀಟಿಯೊಂದಿಗೆ.
4. ಕುಮಾರಿ ಮಾ ಬೊಮಿ ಅವರಿಗೆ. (ಬಟವಾಡೆಯಾಗದೆ ವಾಪಸು. ಷರಾ: ಶಿಬಿರಕ್ಕೆ ಹೋಗಿದ್ದಾಳೆ.)