ತೊಂಬತ್ತಾರು ಗುಳಿಗಳನ್ನು ನಾನು ತೊಳೆದ ಪರಿ

ತೊಳೆಯುವುದೂ ಒಂದು ವಿದ್ಯೆಯೇ? ಅಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ.

ತೊಂಬತ್ತರ ದಶಕದ ಕೊನೆ. ಮೈಸೂರಿನ ಒಂದು ಪಶುರೋಗ ಪ್ರಯೋಗಾಲಯದಲ್ಲಿ ನಾನು ಟೆಕ್ನಿಷಿಯನ್. ಹಂದಿಯ ರಕ್ತದಲ್ಲಿ ಹಂದಿಜ್ವರದ ವೈರಸ್ ಇದೆಯೇ ಎಂದು ನೋಡುವ ‘ಎಲೈಸಾ’ ಪರೀಕ್ಷೆ ಕಲಿಯಲು ನನ್ನನ್ನು ಹತ್ತು ದಿನ ಬೆಂಗಳೂರಿಗೆ ಕಳಿಸಿದ್ದರು. ಒಂಟಿಕೊಪ್ಪಲಿನ ಮನೆಗೆ ಮರಳಿದವನೇ ಅಳಗುಳಿಮಣೆ ಮುಂದಿಟ್ಟುಕೊಂಡು ಹೆಂಡತಿ ಗಿರಿಜಾಳಿಗೆ ಪಾಠ ಶುರುಮಾಡಿದೆ.

“ಇಂಥ ಗುಳಿಗಳೇ ಕಣೇ, ಆದ್ರೆ ಪುಟ್ಟವು, ತೊಂಬತ್ತಾರು. ರಕ್ತದ ತಿಳಿ ಹಾಕ್ಬೇಕು, ತೊಳೀಬೇಕು. ಇನ್ನೊಂದು ದ್ರವ ಹಾಕ್ಬೇಕು, ತೊಳೀಬೇಕು. ಕೊನೆಗೆ ಬಣ್ಣ ಬರ್ಸೋ ದ್ರವ. ಹಳದಿ ಆದ್ರೆ ರೋಗ!”

“ತೊಳೆಯೋದು ಯಾರು?”

“ನಾನೇ.”

“ಶಿವನೇ!” ಎಂದಳು ಗಿರಿಜಾ. ನಾನು ತೊಳೆದ ಲೋಟದಲ್ಲಿ ಕಾಫಿಗಿಂತ ಸೋಪಿನ ನೊರೆಯೇ ಜಾಸ್ತಿ ಎಂಬುದು ಅವಳ ಹಳೆಯ ದೂರು.

ಆ ವಾರವೇ ಬನ್ನಿಮಂಟಪದ ಆಚೆ ಎರಡು ಹಂದಿ ಸತ್ತವು. ಅಲ್ಲೇ ಹಂದಿ ಸಾಕಿದ್ದ ಪುಟ್ಟಮ್ಮನ ಎದೆ ಒಡೆದುಹೋಯಿತು. ಅವಳ ಬಸುರಿ ಹಂದಿ ಚಿನ್ನಿ ಎರಡು ದಿನದಿಂದ ಸರಿಯಾಗಿ ತಿಂದಿರಲಿಲ್ಲ. ನಾನು ರಕ್ತ ತೆಗೆಯುವಾಗ ಪುಟ್ಟಮ್ಮ ಅದರ ತಲೆ ತಬ್ಬಿಕೊಂಡು, “ಡಾಕ್ಟ್ರೇ, ನನ್ ಕೈತುತ್ತು ತಿಂದು ಬೆಳ್ದೋಳು ಇವ್ಳು. ಏನೂ ಆಗ್ಬಾರ್ದು ಕಣ್ರೀ” ಎಂದಳು. ನಾನು ಡಾಕ್ಟರಲ್ಲ. ಆದರೂ ತಿದ್ದಲಿಲ್ಲ!

ನಿಯಮದ ಪ್ರಕಾರ ಪ್ರತಿ ಹಂತದಲ್ಲೂ ಗುಳಿಗಳನ್ನು ಮೂರು ಸಲ ತೊಳೆದು, ತಟ್ಟೆ ಬೋರಲು ಹಾಕಿ ಕೊಡವಬೇಕು. ನಾನು ಒಂದು ಸಲ ತೊಳೆದೆ. ಕಣ್ಣಿಗೆ ಶುಭ್ರವಾಗಿಯೇ ಇತ್ತಲ್ಲ! ಕೊನೆಯ ದ್ರವ ಹಾಕಿದ್ದೇ ತಡ, ಚಿನ್ನಿಯ ಗುಳಿ ಹಳದಿ. ಪಕ್ಕದ್ದೂ ಹಳದಿ. ನೋಡನೋಡುತ್ತ ಇಡೀ ತಟ್ಟೆ ಚಿತ್ರಾನ್ನ!

ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರಿಗೆ ತೋರಿಸುವ ಮೊದಲೇ ಸೈಕಲ್ಲೇರಿ ಬನ್ನಿಮಂಟಪಕ್ಕೆ ಹೋದೆ. ಗಂಭೀರವಾಗಿ ಕೆಮ್ಮಿ, ಚಿನ್ನಿಗೆ ಹಂದಿಜ್ವರ ಎಂದು ಘೋಷಿಸಿದೆ. ಪುಟ್ಟಮ್ಮ ಅಳಲಿಲ್ಲ. ಒಳಗಿನಿಂದ ತನ್ನ ಪಾಲಿನ ಮುದ್ದೆ ತಂದು ಚಿನ್ನಿಯ ಮುಂದಿಟ್ಟು, ಪಕ್ಕದಲ್ಲಿ ಕೂತಳು.

ವಾಪಸು ಬಂದಾಗ ಸಾಹೇಬರು ತಟ್ಟೆ ಹಿಡಿದು ನಿಂತಿದ್ದರು.

“ರೋಗ ಇಲ್ಲ ಅಂತ ಖಾತ್ರಿ ಇರೋ ಹಂದೀದು ಯಾವ ಗುಳೀರೀ?”

“ಇದು ಸಾರ್.”

“ಹಳದಿ! ಬರೀ ನೀರು ಹಾಕಿದ್ದು?”

“ಅದೂ... ಹಳದೀನೇ ಸಾರ್.”

“ನೀರಿಗೂ ಹಂದಿಜ್ವರ ಬಂತೇನ್ರೀ? ಎಷ್ಟು ಸಲ ತೊಳೆದ್ರಿ?”

ನಾನು ಒಂದು ಬೆರಳು ಎತ್ತಿದೆ. ಸರಿಯಾಗಿ ತೊಳೆಯದೆ ಉಳಿದ ದ್ರವವೇ ಎಲ್ಲಕ್ಕೂ ಬಣ್ಣ ಬರಿಸಿತ್ತು.

ಮರುದಿನ ಅವರು ಎದುರಿಗೇ ನಿಂತು ಹೊಸ ತಟ್ಟೆಯಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಮೂರು ಮೂರು ಸಲ ತೊಳೆಸಿದರು. ಚಿನ್ನಿಯ ಗುಳಿ ನೀರಿನಷ್ಟೇ ತಿಳಿ! ಕುಣಿಯಬೇಕೆನಿಸಿತು. ಆದರೆ ಪುಟ್ಟಮ್ಮನೆದುರು ಒಬ್ಬನೇ ಹೋಗಲು ಮುಖವಿರಲಿಲ್ಲ. ಗಿರಿಜಾಳನ್ನೂ ಕರೆದುಕೊಂಡು ಹೋದೆ.

“ಚಿನ್ನಿಗೆ ಏನೂ ಇಲ್ಲಮ್ಮ. ನಾನು ಸರಿಯಾಗಿ ತೊಳೆದಿರಲಿಲ್ಲ, ತಪ್ಪು ನಂದೇ. ಮತ್ತೆ... ನಾನು ಡಾಕ್ಟರೂ ಅಲ್ಲ.”

ಹಿಂದಿನ ದಿನ ಅಳದ ಪುಟ್ಟಮ್ಮ ಈಗ ಚಿನ್ನಿಯ ಕೊರಳು ತಬ್ಬಿ ಗಳಗಳ ಅತ್ತಳು. ಆಮೇಲೆ ಸೆರಗಿನಲ್ಲಿ ಮೂಗೊರೆಸಿಕೊಂಡು, “ತೊಳ್ಯಾಕೆ ಬರಾಕಿಲ್ಲ ಅಂತ ಒಂದ್ ಮಾತು ಯೋಳಿದ್ರೆ ನಾನೇ ಬಂದು ತೊಳ್ಕೊಡ್ತಿದ್ನಲ್ಲಣ್ಣಾ!” ಎಂದಳು.

“ನಾನು ಹತ್ತು ವರ್ಷದಿಂದ ಅದೇ ಮಾಡ್ತಿದೀನಿ ಕಣಮ್ಮ. ಇವರು ತೊಳೆದಿದ್ದನ್ನೆಲ್ಲ ಮತ್ತೆ ತೊಳೆಯೋದು,” ಎಂದಳು ಗಿರಿಜಾ. ಇಬ್ಬರೂ ನನ್ನನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ತಿಂಗಳೊಳಗೆ ಚಿನ್ನಿ ಏಳು ಮರಿ ಹಾಕಿತು. ಅವುಗಳಲ್ಲಿ ಒಂದು ಎಷ್ಟು ತೊಳೆದರೂ ಮತ್ತೆ ಕೆಸರಿಗೇ ಓಡುತ್ತಿತ್ತು. ಪುಟ್ಟಮ್ಮ ಅದನ್ನು ‘ಡಾಕ್ಟ್ರು’ ಎಂದು ಕರೆಯತೊಡಗಿದಳು. ಅಂತೂ ಆ ಪದವಿ ನಮ್ಮಿಬ್ಬರಲ್ಲಿ ಒಬ್ಬರಿಗೆ ನಿಂತಿತು!