ಒಂದಿಂಚು ಹೂಮಳೆಗಾಗಿ

ಶಿವರಾತ್ರಿ ಕಳೆದು ಯುಗಾದಿ ಬರುವವರೆಗೆ ನಮ್ಮ ಚೆಟ್ಟಳ್ಳಿ ಕಡೆ ಯಾರಿಗೂ ಬುದ್ಧಿ ಪೂರ್ತಿ ನೆಟ್ಟಗಿರುವುದಿಲ್ಲ. ನನಗೂ ಇರುವುದಿಲ್ಲ. ಹಾಗಾಗಿ ಇನ್ನೊಬ್ಬರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ಆಡಿಕೊಳ್ಳುತ್ತೇನೆ, ಯಾಕೆಂದರೆ ವರ್ಷಾ ವರ್ಷಾ ಒಂದಲ್ಲ ಒಂದು ನಡೆದೇ ನಡೆಯುತ್ತದೆ.

ನಾನು ಇಲ್ಲಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಪಿಕ್ಕಿಂಗ್ ತೂಕದ ಜೊತೆಗೆ ಬೆಳಿಗ್ಗೆ ಎದ್ದು ಮಳೆ ಅಳೆಯುವುದೂ ನನ್ನ ಕೆಲಸ. ಅಳೆಯುವವನಿಗೆ ಮಳೆ ಯಾವಾಗ ಬರುತ್ತದೆ ಅಂತಲೂ ಗೊತ್ತಿರಬೇಕು ಅಂತ ಊರವರ ನಂಬಿಕೆ. ಹುಟ್ಟಿದ ಮಗುವನ್ನು ತೂಕ ಮಾಡುವವಳ ಹತ್ತಿರ ಹೋಗಿ ನಮ್ಮ ಸೊಸೆಗೆ ಹೆರಿಗೆ ಯಾವತ್ತು ಅಂತ ಕೇಳಿದ ಹಾಗೆ ಇದು. ಹೇಳಿದರೆ ಯಾರು ಕೇಳುತ್ತಾರೆ?

ಊರವರ ಅವಸರಕ್ಕೂ ಕಾರಣ ಉಂಟು. ರೊಬಸ್ಟಾ ಕಾಫಿ ಗಿಡ ಗೆಣ್ಣು ಗೆಣ್ಣಿಗೂ ಮೊಗ್ಗು ಕಟ್ಟಿಕೊಂಡು ಒಂದೇ ಒಂದು ಒಳ್ಳೆ ಮಳೆಗೆ ಕಾಯುತ್ತಾ ನಿಲ್ಲುತ್ತದೆ. ಅದೇ ಹೂಮಳೆ. ಒಂದಿಂಚು, ಅಂದರೆ ನಮ್ಮ ಲೆಕ್ಕದಲ್ಲಿ ನೂರು ಸೆಂಟು, ಬಿದ್ದರೆ ತೋಟವೆಲ್ಲ ಬಿಳಿ. ಬೀಳದಿದ್ದರೆ ಮೊಗ್ಗು ಒಣಗಿ ಉದುರುತ್ತದೆ, ಆ ವರ್ಷದ ಫಸಲಿಗೆ ಕೈ ಮುಗಿಯಬೇಕು. ಕೆರೆ, ಎಂಜಿನ್ನು, ಪೈಪು ಇದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ.

ಆಕಾಶ ನೋಡುವವರಲ್ಲಿ ನಮ್ಮ ಎಸ್ಟೇಟಿನ ಪಕ್ಕದ ಟೀಚರಕ್ಕನೂ ಒಬ್ಬರು. ಅಂಗನವಾಡಿ ಟೀಚರ್. ಮೂರೆಕ್ರೆ ತೋಟ, ಒಂದೊಂದು ಗಿಡವನ್ನೂ ತಾವೇ ಗುಂಡಿ ತೋಡಿ ನೆಟ್ಟಿದ್ದು. ಎರಡು ವರ್ಷದಿಂದ ಹೂ ಹಿಡಿಯದೆ ಫಸಲು ಕೈಕೊಟ್ಟಿತ್ತು. ಜೀಪು ಓಡಿಸುವ ಗಂಡ ಈ ಸಲ ಖಡಾಖಂಡಿತ ಹೇಳಿಬಿಟ್ಟಿದ್ದ: "ಇದೊಂದು ವರ್ಷ ನೋಡುವ. ಈಗಲೂ ಹೂ ನಿಲ್ಲದಿದ್ದರೆ ಜಾಗ ಹೋಮ್‌ಸ್ಟೇಯವರಿಗೆ ಕೊಟ್ಟುಬಿಡುವ." ಅಲ್ಲಿಂದ ಟೀಚರಕ್ಕನಿಗೆ ಊಟ ರುಚಿಸುತ್ತಿರಲಿಲ್ಲ. ಹೋದ ವರ್ಷದ ಆ ಕೆಲವು ವಾರಗಳಲ್ಲಿ ಆದದ್ದನ್ನೇ ಹೇಳುತ್ತೇನೆ.

೧. ಮೂವತ್ತೈದು ಸೆಂಟು

ಟೀಚರಕ್ಕನ ಬೇಲಿಯಾಚೆ ಸುಬೇದಾರರ ಮನೆ. ಮಿಲಿಟರಿಯಿಂದ ರಿಟೈರಾಗಿ ಬಂದವರು. ಮಳೆ ಅಳೆಯುವ ಡಬ್ಬವನ್ನು ಅವರೂ ಅಂಗಳದಲ್ಲಿ ನೆಟ್ಟಿದ್ದಾರೆ. ಒಂದು ಬೆಳಿಗ್ಗೆ ಊರಿನ ವಾಟ್ಸಾಪ್ ಗ್ರೂಪಿಗೆ ಅವರ ಸಂದೇಶ ಬಂತು: "ನಮ್ಮಲ್ಲಿ ಮೂವತ್ತೈದು ಸೆಂಟು. ಜೈ ಹಿಂದ್."

ನಾನು ಹೋಗಿ ನಮ್ಮ ಡಬ್ಬ ನೋಡಿದೆ. ಒಳಗೆ ಒಂದು ಜೇಡ ಆರಾಮಾಗಿ ಕೂತಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ, ಕೊಡಗಿನಲ್ಲಿ ರಸ್ತೆಯ ಒಂದು ತಿರುವಿಗೆ ಮಳೆ, ಇನ್ನೊಂದಕ್ಕೆ ಬಿಸಿಲು. ಆದರೆ ಅಷ್ಟರಲ್ಲಿ ಟೀಚರಕ್ಕ ಓಡಿ ಬಂದರು, ಕಣ್ಣು ತುಂಬಿತ್ತು.

"ರೈಟರಣ್ಣ, ಬೇಲಿಯ ಆ ಕಡೆ ಮೂವತ್ತೈದು ಸೆಂಟು, ನಮ್ಮ ಕಡೆ ಒಂದು ಹನಿ ಇಲ್ಲ. ದೇವರೂ ಸರ್ವೆ ಮಾಡಿಸಿ ಮಳೆ ಹಾಕ್ತಾನಾ?"

ಪಾಪ ಅನ್ನಿಸಿತು. ಇಬ್ಬರೂ ಸುಬೇದಾರರ ಅಂಗಳಕ್ಕೆ ಹೋದೆವು. ನೆಲ ಒಣಗಿ ಕಾಲಿಟ್ಟರೆ ಧೂಳು ಏಳುತ್ತಿತ್ತು. ನಾನು ನೆಲ ತೋರಿಸಿದೆ. ಸುಬೇದಾರರು ಅಳತೆಯ ಗಾಜು ತೋರಿಸಿದರು. "ನೆಲ ಕುಡಿದಿರಬಹುದು. ಗ್ಲಾಸು ಸುಳ್ಳು ಹೇಳುತ್ತಾ?"

ಅವರ ಹೆಂಡತಿ ಹೂಕುಂಡಗಳ ಆಚೆಯಿಂದ ಪೈಪು ಹಿಡಿದುಕೊಂಡು ಬಂದರು. "ಎಂತ ಗಲಾಟೆ? ಬೆಳಿಗ್ಗೆ ಅಂಥೂರಿಯಂ ಗಿಡಗಳಿಗೆ ನೀರು ಬಿಡುವಾಗ ಆ ಡಬ್ಬಕ್ಕೂ ಒಂಚೂರು ಬಿಟ್ಟೆ. ಪಾಪ, ಎಷ್ಟು ದಿನದಿಂದ ಒಣಗಿ ನಿಂತಿತ್ತು!"

೨. ಸಾಹುಕಾರರ ಫೋನು

ನಮ್ಮ ಎಸ್ಟೇಟಿನ ಸಾಹುಕಾರರು ಒಳ್ಳೆಯ ಮನುಷ್ಯ. ಒಂದೇ ದೋಷ, ಅವರ ಫೋನಿನಲ್ಲಿ ಮಳೆ ಹೇಳುವ ಆ್ಯಪ್ ಮೂರು ಉಂಟು. ಒಂದು ಮಳೆ ಅನ್ನುತ್ತದೆ, ಒಂದು ಇಲ್ಲ ಅನ್ನುತ್ತದೆ, ಮೂರನೆಯದು ಮೋಡದ ಹಿಂದೆ ಸೂರ್ಯ ಬರೆದು ಸುಮ್ಮನಿರುತ್ತದೆ. ಸಾಹುಕಾರರು ಮೂರನ್ನೂ ನಂಬುತ್ತಾರೆ.

ಕಣದಲ್ಲಿ ಕೊನೆಯ ಸುತ್ತಿನ ಕಾಫಿ ಒಣಗುತ್ತಿತ್ತು. ಸುಡು ಬಿಸಿಲು. ಸಾಹುಕಾರರು ಫೋನು ನೋಡುತ್ತಲೇ ಓಡಿಬಂದರು. "ರೈಟರೇ, ಅರ್ಧ ಗಂಟೆಯಲ್ಲಿ ಮಳೆ! ರಾಶಿ ಮಾಡಿಸಿ, ಟಾರ್ಪಾಲ್ ಹಾಕಿಸಿ!"

ಆಳುಗಳ ಲೈನ್ ಮನೆಯ ಹೆಂಗಸರೆಲ್ಲ ಬಂದು ಎಳೆದರು, ರಾಶಿ ಮಾಡಿದರು, ಮುಚ್ಚಿದರು. ಮಳೆ ಬರಲಿಲ್ಲ. "ಈಗ ಇಲ್ಲ ಅಂತ ತೋರಿಸ್ತಾ ಉಂಟು, ಹರವಿಸಿ." ಹರವಿದರು. ಹರವಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೊಂದು ಆ್ಯಪ್ ಕೂಗಿಕೊಂಡಿತು. ಮತ್ತೆ ರಾಶಿ, ಮತ್ತೆ ಟಾರ್ಪಾಲ್. ಸಂಜೆಯವರೆಗೆ ಇದೇ ಕವಾಯತು. ನನಗೂ ರೇಗಿಹೋಗಿತ್ತು, ಆದರೆ ಸಂಬಳ ಕೊಡುವವರ ಮುಂದೆ ರೇಗಿದರೂ ಮುಖ ನಗುತ್ತಲೇ ಇರಬೇಕು.

ಕೊನೆಗೆ ಸಾಹುಕಾರರು ಒಂದು ಹಿಡಿ ಕಾಫಿ ಕೈಗೆತ್ತಿಕೊಂಡು ಖುಷಿಯಾಗಿ ಹೇಳಿದರು: "ನೋಡಿದಿರಾ? ಒಂದು ಕಾಳೂ ಮಳೆಗೆ ನೆನೆಯದ ಹಾಗೆ ಕಾಪಾಡಿದೆವು."

ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬಳು ಹೆಂಗಸು ಅಂದಳು: "ಹೌದು ಸಾರ್. ನಮ್ಮ ಬೆವರಿಗೆ ನೆನೆದದ್ದು ಮಾತ್ರ. ಅದನ್ನು ನಾಳೆ ಒಣಗಿಸುವ."

೩. ಅತ್ತೆಯ ಮಂಡಿ

ಫೋನಿನ ಮೇಲೆ ನಂಬಿಕೆ ಹೋದ ಮೇಲೆ ಊರಿನವರೆಲ್ಲ ಟೀಚರಕ್ಕನ ಅತ್ತೆಯ ಮಂಡಿಯನ್ನು ಹಿಡಿದುಕೊಂಡರು. ಎಡ ಮಂಡಿ ನೋವು ಬಂದರೆ ಮಾರನೇ ದಿನ ಮಳೆ. ಬಹಳ ವರ್ಷದ ಅನುಭವ, ಅಲ್ಲಗಳೆಯುವಂತಿಲ್ಲ. ಬಲ ಮಂಡಿ ನೋಯುವುದು ಬರೀ ವಯಸ್ಸಿಗೆ, ಅದನ್ನು ಯಾರೂ ಕೇಳುತ್ತಿರಲಿಲ್ಲ.

ಹಾಲಿನವನು, ಮೀನಿನವನು, ಕೊನೆಗೆ ನಮ್ಮ ಸಾಹುಕಾರರೂ ಗೇಟಿನ ಹತ್ತಿರ ಜೀಪು ನಿಲ್ಲಿಸಿ ಕೇಳುತ್ತಿದ್ದರು: "ಅಮ್ಮಾ, ಮಂಡಿ ಹೇಗುಂಟು?" ಅಜ್ಜಿ ಜಗಲಿಯಲ್ಲೇ ಕೂತು "ಇವತ್ತು ಆರಾಮ ಉಂಟಪ್ಪ" ಅಂದರೆ ಎಲ್ಲರ ಮುಖವೂ ಸಪ್ಪೆ.

ಒಂದು ಸಂಜೆ ನಾನು ಆ ಕಡೆ ಹೋದಾಗ ಅಜ್ಜಿ ನನ್ನ ಹತ್ತಿರ ದೂರು ಹೇಳಿಕೊಂಡರು. "ನೋಡು ರೈಟರೇ, ಬೇರೆ ಮನೆಯ ಸೊಸೆಯಂದಿರು ಅತ್ತೆಗೆ ನೋವು ಕಮ್ಮಿಯಾಗಲಿ ಅಂತ ಹರಕೆ ಹೊರುತ್ತಾರೆ. ನಮ್ಮವಳು ಬೆಳಿಗ್ಗೆ ಎದ್ದ ಕೂಡಲೆ ಕೇಳುವುದು, ಅತ್ತೆ, ಇನ್ನೂ ನೋವು ಬಂದಿಲ್ವಾ ಅಂತ."

ಟೀಚರಕ್ಕನಿಗೆ ನಾಚಿಕೆಯಾಯಿತು. "ಹಾಗಲ್ಲ ಅತ್ತೆ, ನಿಮ್ಮ ಮೇಲೆ ನನಗೆ ಪ್ರೀತಿ ಇಲ್ವಾ? ನೋವು ಯಾಕೆ ಬರ್ತಾ ಇಲ್ಲ ಈ ಸಲ?"

"ಡಾಕ್ಟರು ಕೊಟ್ಟ ಹೊಸ ಎಣ್ಣೆ ಹಚ್ಚುತ್ತಾ ಇದ್ದೇನಲ್ಲ. ನೀನೇ ಅಲ್ವಾ ತಂದುಕೊಟ್ಟದ್ದು?"

ಟೀಚರಕ್ಕ ಮೆಲ್ಲನೆ ಎಣ್ಣೆ ಶೀಶೆ ಎತ್ತಿ ಅತ್ತೆಯ ಪಕ್ಕ ಕೂತರು. "ಒಂದು ಮಾಡುವ ಅತ್ತೆ. ಬಲ ಮಂಡಿಗೆ ದಿನಾ ನಾನೇ ತಿಕ್ಕಿಕೊಡ್ತೇನೆ. ಎಡ ಮಂಡಿಗೆ ಹೂಮಳೆ ಮುಗಿದ ಮೇಲೆ ಹಚ್ಚುವ, ಆಗದಾ?"

೪. ಹರವು, ತೆಗೆ

ಎಡ ಮಂಡಿಗೆ ಎಣ್ಣೆ ನಿಲ್ಲಿಸಿದ್ದಕ್ಕೋ ಏನೋ, ಒಂದು ಸಂಜೆ ಗುಡುಗಿ ಮಳೆ ಬಂತು. ಬಂತು ಅನ್ನುವಷ್ಟರಲ್ಲಿ ಹೋಯಿತು. ಅಳೆದರೆ ಹನ್ನೆರಡು ಸೆಂಟು. ಬಾರದಿದ್ದರೇ ವಾಸಿಯಿತ್ತು! ಇಷ್ಟು ಕಮ್ಮಿ ಬಿದ್ದರೆ ಮೊಗ್ಗು ಅರ್ಧ ಎಚ್ಚರಾಗುತ್ತದೆ. ಹಿಂದೆಯೇ ಚೆನ್ನಾಗಿ ನೀರು ಸಿಗದಿದ್ದರೆ ಅಲ್ಲೇ ಕರಟುತ್ತದೆ.

ಟೀಚರಕ್ಕ ನಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತರು. ಸಾಹುಕಾರರು ಎಂಜಿನ್ನು, ಪೈಪು ಕೊಡಲು ತಯಾರಿದ್ದರು, ಆದರೆ ನಮ್ಮ ಕೆರೆಯೇ ತಳ ಕಂಡಿತ್ತು. ಅಲ್ಲಿ ಉಳಿದ ನೀರು ಕಪ್ಪೆಯ ಕಾಲು ತೊಳೆಯಲಿಕ್ಕೂ ಸಾಲದು. "ಇರಲಿ ಬಿಡಿ ರೈಟರಣ್ಣ, ನನ್ನ ಹಣೆಬರಹ" ಅಂದರು.

ಆಗ ನನಗೆ ನಮ್ಮ ಕಡೆಯ ಒಂದು ಮಾತು ನೆನಪಾಯಿತು: ಮಳೆ ಬೇಕಾದರೆ ಮೆಣಸು ಹರವು. ಕಾಳುಮೆಣಸು ಒಣಗಲು ಹಾಕಿದ ದಿನವೇ ಮಳೆ ಬರುವುದು ಎಲ್ಲರ ಮನೆಯ ಕಥೆ. ಅದರಲ್ಲೂ ಸುಬೇದಾರರ ಮೆಣಸು ಅಂದರೆ ಮಳೆಗೆ ಪಂಚಪ್ರಾಣ. ಒಂದು ವರ್ಷವೂ ಅವರು ನೆನೆಸದೆ ಒಣಗಿಸಿದ್ದಿಲ್ಲ. ಅದಕ್ಕೇ ಈ ಸಲ ಬಿಡಿಸಿದ ಮೆಣಸನ್ನು ಮನೆಯೊಳಗೆ ಫ್ಯಾನಿನಡಿ ಹಾಕಿಕೊಂಡು ಹಟ ಹಿಡಿದು ಕೂತಿದ್ದರು.

ನಾನು ಇದನ್ನು ಹೇಳಿದ್ದೇ ತಡ, ಟೀಚರಕ್ಕ ಹೋಗಿ ಕೇಳಿಯೇಬಿಟ್ಟರು. "ಮಾವ, ತಪ್ಪು ತಿಳಿಯಬೇಡಿ. ನಿಮ್ಮ ಮೆಣಸು ಒಂದು ಸಲ ಅಂಗಳದಲ್ಲಿ ಹಾಕ್ತೀರಾ?"

ಸುಬೇದಾರರು ಕೆಂಡವಾದರು. "ನಾನೇನು ಮಳೆ ತರಿಸುವ ಮಂತ್ರವಾದಿಯಾ? ಓದಿದವರು ನೀವು, ಮಕ್ಕಳಿಗೆ ಪಾಠ ಹೇಳುವವರು! ಛೆ!"

ಟೀಚರಕ್ಕ ಬೇಲಿ ದಾಟಿ ವಾಪಸ್ಸು ಹೋದರು. ಆದರೆ ಮಾರನೇ ಬೆಳಿಗ್ಗೆ ನಾನು ನೋಡುತ್ತೇನೆ, ಸುಬೇದಾರರ ಅಂಗಳದಲ್ಲಿ ಟಾರ್ಪಾಲ್ ಹಾಸಿ ಮೆಣಸು ಹರವಿತ್ತು. ನಾನು ಮುಖ ನೋಡಿದ್ದಕ್ಕೆ, "ಫ್ಯಾನು ಕೆಟ್ಟಿದೆ" ಅಂದರು. ಒಳಗೆ ಫ್ಯಾನು ತಿರುಗುವ ಸದ್ದು ಕೇಳುತ್ತಲೇ ಇತ್ತು.

ಮಧ್ಯಾಹ್ನದವರೆಗೆ ಆಕಾಶ ತೊಳೆದಿಟ್ಟ ಹಾಗೆ ಖಾಲಿ. ನಾಲ್ಕು ಗಂಟೆಗೆ ಮೋಡ ಕಟ್ಟಿತು. ಗುಡುಗಿತು. ದಪ್ಪ ಹನಿ ಬಿತ್ತು. ಸುಬೇದಾರರ ಹೆಂಡತಿ "ಅಯ್ಯೋ ಮೆಣಸು!" ಅಂತ ಓಡಿಬಂದು ಟಾರ್ಪಾಲಿನ ತುದಿ ಹಿಡಿದರು. ಬೇಲಿ ದಾಟಿ ಬಂದ ಟೀಚರಕ್ಕ ಇನ್ನೊಂದು ತುದಿಯ ಮೇಲೆ ಕೂತೇಬಿಟ್ಟರು. "ಮುಟ್ಟಬೇಡಿ ಆಂಟಿ, ನಿಮ್ಮ ದಮ್ಮಯ್ಯ! ಈಗ ತೆಗೆದರೆ ಮಳೆ ನಿಂತುಹೋಗ್ತದೆ!"

"ವರ್ಷದ ಮೆಣಸು ಕಣೇ!"

"ನನ್ನದು ತೋಟವೇ ಹೋಗ್ತದೆ ಆಂಟಿ!"

ಇಬ್ಬರೂ ಅಳುತ್ತಿದ್ದರು. ಸುಬೇದಾರರು ಜಗಲಿಯಿಂದಿಳಿದು ಬಂದು ಹೆಂಡತಿಯ ಕೈಯಿಂದ ಟಾರ್ಪಾಲ್ ಬಿಡಿಸಿದರು. "ಯಾರೂ ಮುಟ್ಟಬೇಡಿ. ನೆನೆಯಲಿ." ತಾವೂ ಅಲ್ಲೇ ಮಳೆಯಲ್ಲಿ ಅಟೆನ್ಷನ್ನಿನಲ್ಲಿ ನಿಂತರು. ಕತ್ತಲಾಗುವವರೆಗೆ ಹೊಯ್ಯಿತು. ಅಳೆದವನು ನಾನೇ. ಒಂದಿಂಚಿನ ಮೇಲೆ ಇನ್ನೂ ಚೂರು ಇತ್ತು. ಕೂಗಿ ಹೇಳಿದಾಗ ಟೀಚರಕ್ಕ ಅಲ್ಲೇ ಒದ್ದೆ ನೆಲದಲ್ಲಿ ಕೂತು ಮುಖ ಮುಚ್ಚಿಕೊಂಡರು.

ಮಾರನೇ ದಿನ ಆಳುಗಳನ್ನು ಕರೆದುಕೊಂಡು ನಮ್ಮ ಸಾಹುಕಾರರೇ ಬಂದರು. ಟೀಚರಕ್ಕ, ಅಜ್ಜಿ, ಎಲ್ಲರೂ ಸೇರಿ ಆ ಮೆಣಸು ಕೆದಕಿ ಕೆದಕಿ ಒಣಗಿಸಿದೆವು. ಬೂಸ್ಟು ಹಿಡಿಯಲು ಬಿಡಲಿಲ್ಲ. ವಾರ ಕಳೆದು ಟೀಚರಕ್ಕನ ಮೂರೆಕ್ರೆಯೂ ಬೆಳ್ಳಗೆ ಅರಳಿ ನಿಂತಿತು. ಪರಿಮಳ ರಸ್ತೆಯವರೆಗೆ. ಗಂಡ ಜೀಪು ನಿಲ್ಲಿಸಿ ನೋಡಿದ, ಹೋಮ್‌ಸ್ಟೇ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಆದರೆ ಅರಳಿದ ಹೂವಿನ ಮೇಲೆ ಮಳೆ ಬೀಳಬಾರದು, ಬಿದ್ದರೆ ಕಾಯಿ ಕಟ್ಟುವುದಿಲ್ಲ. ಹೂ ಅರಳಿದ ದಿನ ಬೆಳಗಾಗುತ್ತಲೇ ಟೀಚರಕ್ಕ ಬೇಲಿಯ ಹತ್ತಿರ ಕೈಮುಗಿದು ನಿಂತಿದ್ದರು. "ಮಾವ, ಇವತ್ತು ಮಾತ್ರ ಮೆಣಸು ಒಳಗೇ ಇರಲಿ."

ಸುಬೇದಾರರು ಇನ್ನೊಂದು ಬಿಸಿಲು ಕಾಣಿಸಲು ಹೊತ್ತು ತಂದ ಮೆಣಸಿನ ಚೀಲವನ್ನು ಅಲ್ಲೇ ಇಳಿಸಿದರು. "ಹರವು ಅಂದಾಗ ಹರವಬೇಕು, ತೆಗೆ ಅಂದಾಗ ತೆಗೀಬೇಕು. ಮಿಲಿಟರಿಯಲ್ಲೂ ನನಗೆ ಇಷ್ಟು ಆರ್ಡರ್ ಬಂದಿಲ್ಲ!" ಬೈದುಕೊಳ್ಳುತ್ತಲೇ ಚೀಲ ಒಳಗೆ ಹೊತ್ತರು. ಅವತ್ತು ಮಳೆ ಬರಲಿಲ್ಲ.

ಇಷ್ಟಾದ ಮೇಲೆ ಮಾತು ಊರೂರು ಹಬ್ಬದೆ ಇರುತ್ತದಾ? ಒಂದು ಬೆಳಿಗ್ಗೆ ಶ್ರೀಮಂಗಲದ ಕಡೆಯಿಂದ ಸುಬೇದಾರರ ಗೇಟಿಗೆ ಒಂದು ಜೀಪು ಬಂತು. ಇಬ್ಬರು ಇಳಿದು ಬಹಳ ಮರ್ಯಾದೆಯಿಂದ ಕೇಳಿದರು: "ಮೆಣಸು ಹರವುವ ಸುಬೇದಾರರು ನೀವೇ ಅಲ್ವಾ? ನಮ್ಮ ಕಡೆ ಇನ್ನೂ ಒಂದು ಹನಿ ಬಿದ್ದಿಲ್ಲ ಸಾರ್. ಮೆಣಸು ನಮ್ಮದೇ ಉಂಟು. ನೀವು ಬಂದು ನಿಮ್ಮ ಕೈಯಾರೆ ಹರವಿಕೊಟ್ಟರೆ ಸಾಕು."

ಈಗ ಇವರು ಅವರಿಬ್ಬರನ್ನೂ ಗೇಟಿನಾಚೆ ಅಟ್ಟುತ್ತಾರೆ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸುಬೇದಾರರು ಅವರನ್ನು ಮೇಲಿಂದ ಕೆಳಗೆ ನೋಡಿದರು, ಒಳಗೆ ಹೋದರು, ಟೋಪಿ ಇಟ್ಟುಕೊಂಡು ಹೊರಗೆ ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೆಂಡತಿಗೆ ಕೂಗಿ ಹೇಳಿದರು:

"ನಾನು ಬರುವುದು ಸಂಜೆಯಾಗ್ತದೆ. ಅಲ್ಲಿಯವರೆಗೆ ಇಲ್ಲಿ ಮಳೆ ಬರುವುದಿಲ್ಲ, ಧೈರ್ಯವಾಗಿ ಬೆಡ್‌ಶೀಟ್ ಒಗೆದು ಹಾಕು!"